ನಮ್ಮ ಪಂಪ್ ಕಂಪನಿ ಮಾರ್ಕೆಟಿಂಗ್ ಟೀಮು ಎಐ ಕಲಿತ ಕಥೆ

ಮೊದಲು ನಮ್ಮ ಕೆಲಸ ಏನು ಅಂತ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದಿನದು ತಲೆಬುಡ ತಿಳಿಯಲ್ಲ. ಹುಬ್ಬಳ್ಳಿಯ ಒಂದು ಪಂಪು ಮತ್ತೆ ಡ್ರಿಪ್ ಪೈಪು ಮಾಡೋ ಕಂಪನೀಲಿ ಮಾರ್ಕೆಟಿಂಗ್ ಟೀಮ್ ನೋಡ್ಕೊಳ್ತೀನಿ ನಾನು. ಊರು ಶಿವಮೊಗ್ಗ ಕಡೆ, ಇಲ್ಲಿಗೆ ಬಂದು ವರ್ಷಗಳಾದ್ರೂ ಇಲ್ಲಿನೋರಿಗೆ ಇನ್ನೂ "ಆ ಕಡೆ ಮೇಡಂ"ನೇ. ಮಾರ್ಕೆಟಿಂಗ್ ಅಂದ ತಕ್ಷಣ ಗಾಜಿನ ಬಿಲ್ಡಿಂಗು, ದೊಡ್ಡ ದೊಡ್ಡ ಬ್ರ್ಯಾಂಡ್ ಫಿಲ್ಮು ನೆನಪಾಗೋರಿಗೆ ಹೇಳೋದೇನಂದ್ರೆ, ನಮ್ಮಲ್ಲಿ ಅದು ಗೋಡೆ ಪೇಂಟಿಂಗು, ಡೀಲರ್ ಸರ್ಕ್ಯುಲರು, ಪಾಂಪ್ಲೆಟ್ಟು, ಧಾರವಾಡ ಕೃಷಿ ಮೇಳದ ಸ್ಟಾಲು, ವಾಟ್ಸಾಪ್ ಮೆಸೇಜು, ಬೋರಿಗೆ ಮೋಟ್ರು ಇಳಿಸೋದು ಹೇಗೆ ಅನ್ನೋ ಯೂಟ್ಯೂಬ್ ವಿಡಿಯೋ. ಕನ್ನಡ, ಮರಾಠಿ, ತೆಲುಗು ಮೂರರಲ್ಲೂ ಆಗ್ಬೇಕು. ಟೀಮ್ ಸಣ್ಣದು, ಒಂದು ಆಟೋ-ಟ್ಯಾಕ್ಸೀಲಿ ಹಿಡಿಸ್ತೀವಿ, ಸ್ವಲ್ಪ ಒತ್ತಿ ಕೂತ್ರೆ.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೇಲಿ, ಆದ್ರೆ ನಮ್ಮ ಆಫೀಸಿಗೆ ಅದು ಸೀರಿಯಸ್ಸಾಗಿ ಬಂದಿದ್ದು ಮರುವರ್ಷ, ಎಂಡಿ ಸಾಹೇಬ್ರು ಯಾವುದೋ ಇಂಡಸ್ಟ್ರಿ ಮೀಟಿಂಗಿಗೆ ಹೋಗಿ ಬಂದ್ಮೇಲೆ. ಅಲ್ಲಿ ಎಲ್ರೂ ಎಐ ಎಐ ಅಂತಿದ್ರಂತೆ, ಕೊಯಮತ್ತೂರಿನ ಪಂಪ್ ಕಂಪನಿಯೋರು ಆಗ್ಲೇ ಶುರು ಮಾಡಿದಾರಂತೆ. ನಮ್ಮ ಲೈನಲ್ಲಿ ಕೊಯಮತ್ತೂರು ಅಂದ್ರೆ ಮುಗೀತು, ಪಂಪಿನ ರಾಜಧಾನಿ ಅದು, ಅವ್ರು ಏನೋ ಮಾಡ್ತಿದಾರೆ ಅಂದ್ರೆ ನಮಗೆ ನಿದ್ದೆ ಬರಲ್ಲ. ಸೋಮವಾರ ಬೆಳಿಗ್ಗೆ ಹುಕುಂ ಬಂತು, ಇಡೀ ಮಾರ್ಕೆಟಿಂಗ್ ಟೀಮಿಗೆ ಎಐ ಟ್ರೇನಿಂಗ್ ಆಗ್ಬೇಕು, ಈ ಕ್ವಾರ್ಟರಲ್ಲೇ.

ಟ್ರೇನಿಂಗೂ ಆಯ್ತು. ಬೆಂಗಳೂರಿಂದ ಒಬ್ರು ಟ್ರೇನರ್ ಬಂದ್ರು, ಹೋಟೆಲ್ ಹಾಲು, ಪ್ರೊಜೆಕ್ಟರು, ಮಧ್ಯಾಹ್ನ ಬಫೆ. ಮನುಷ್ಯ ಒಳ್ಳೇವ್ರೇ, ಚೆನ್ನಾಗೂ ಮಾತಾಡಿದ್ರು, ಆದ್ರೆ ತೋರಿಸಿದ ಉದಾಹರಣೆ ಎಲ್ಲಾ ಶೂ ಕಂಪನಿ, ಕಾಫಿ ಬ್ರ್ಯಾಂಡು, ಇನ್‌ಸ್ಟಾಗ್ರಾಂ ಕ್ಯಾಪ್ಷನ್ನು. ಕೊನೇಲಿ ನೂರಾರು ಪ್ರಾಂಪ್ಟ್ (ಎಐಗೆ ಏನ್ ಮಾಡ್ಬೇಕು ಅಂತ ಬರೆದು ಕೊಡೋ ಸೂಚನೆ) ಇರೋ ಒಂದು ಪಿಡಿಎಫ್ ಕೊಟ್ರು. ಸರ್ಟಿಫಿಕೇಟು ಲಿಂಕ್ಡ್‌ಇನ್‌ಗೆ ಹೋಯ್ತು, ಎಚ್‌ಆರ್ ರಿಪೋರ್ಟಲ್ಲಿ "ಟೀಮ್ ಎಐ ಟ್ರೇನ್ಡ್" ಅಂತ ಹಸಿರು ಟಿಕ್ ಬಿತ್ತು. ಆಮೇಲೆ ಕೆಲವು ವಾರ ಬಿಟ್ಟು ಡೀಲರ್ ಸರ್ಕ್ಯುಲರ್ ಬರೆಯೋ ಟೈಮ್ ಬಂದಾಗ ನೋಡಿದ್ರೆ, ನಮ್ಮೋರೆಲ್ಲ ಹೋದ ವರ್ಷದ ಸರ್ಕ್ಯುಲರ್ ಓಪನ್ ಮಾಡಿ ತಾರೀಖು ಬದಲಾಯಿಸ್ತಾ ಕೂತಿದ್ರು. ಯಾಕ್ರೀ ಎಐ ಯೂಸ್ ಮಾಡ್ಲಿಲ್ಲ ಅಂದ್ರೆ, "ಅದು ಶೂ ಮಾರೋರಿಗೆ ರೀ ಮೇಡಂ" ಅಂದ್ಲು ನಮ್ಮ ಡೀಲರ್ ಕೋಆರ್ಡಿನೇಷನ್ ನೋಡೋ ಹುಡುಗಿ. ಅವಳು ಹೇಳಿದ್ರಲ್ಲಿ ತಪ್ಪೇನೂ ಇರ್ಲಿಲ್ಲ.

ಒಬ್ಬ ಮಾತ್ರ ಕಲ್ತಿದ್ದ. ನಮ್ಮ ಡಿಸೈನರ್ ಹುಡುಗ, ಅವನು ಟ್ರೇನಿಂಗಿಗೂ ಮುಂಚೇನೇ ಮನೇಲಿ ರಾತ್ರಿ ಕೂತು ತಾನೇ ಆಟ ಆಡ್ತಾ ಆಡ್ತಾ ಕಲ್ತಿದ್ದು. ಹಾಗಾಗಿ ಆಮೇಲೆ ಏನಾಯ್ತು ಅಂದ್ರೆ, ಯಾರಿಗೆ ಏನ್ ಬೇಕಾದ್ರೂ ಅವನ ಟೇಬಲ್ ಹತ್ರ ಹೋಗೋದು, "ಸ್ವಲ್ಪ ನಿನ್ನ ಎಐಗೆ ಕೇಳಪ್ಪ" ಅನ್ನೋದು, ಅವನು ಮಾಡಿಕೊಡೋದು. ಕೃಷಿ ಮೇಳದ ಬ್ಯಾನರು, ಮುಂಗಾರು ಆಫರು, ಎಲ್ಲಾ ಸಲೀಸಾಗಿ ಆಗ್ತಿತ್ತು, ಮೇಲಿನೋರು ನಮ್ಮ ಟೀಮನ್ನ ಹೊಗಳ್ತಿದ್ರು. ಮುಂದಿನದು ನೀವೇ ಊಹಿಸಿ. ಅವನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ನಾವು ಕೊಡೋ ಸಂಬಳಕ್ಕೂ ಅದಕ್ಕೂ ಹೋಲಿಕೇನೇ ಇಲ್ಲ, ಕೇಕ್ ಕಟ್ ಮಾಡಿ ಕಳಿಸಿದ್ವಿ. ಅವನ ಪರ್ಸನಲ್ ಅಕೌಂಟಲ್ಲಿ ಅವನು ಬರ್ಕೊಂಡಿದ್ದ ಪ್ರಾಂಪ್ಟು, ತಿದ್ದಿ ತಿದ್ದಿ ಸರಿ ಮಾಡ್ಕೊಂಡಿದ್ದ ಕೆಲಸ, ಎಲ್ಲಾ ಅವನ ಜೊತೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಹೋಯ್ತು. ಮುಂದಿನ ಸೀಸನ್ನಿಗೆ ಅದೇ ಥರ ಪಾಂಪ್ಲೆಟ್ ಮಾಡೋಣ ಅಂತ ಕೂತ್ರೆ ಒಬ್ರಿಗೂ ಗೊತ್ತಿಲ್ಲ.

ಆಗ ನಂಗೆ ಅನ್ಸಿದ್ದು, ಕಂಪನಿಗೆ ಎಐ ಬಂದಿದೆ ಅಂತ ನಾವು ಅಂದ್ಕೊಂಡಿದ್ವಿ, ಬಂದಿದ್ದು ಒಬ್ಬ ಹುಡುಗನಿಗೆ. ಇಲ್ಲಿಂದ ನಿಜವಾದ ಕೆಲಸ ಶುರು ಆಗಿದ್ದು.

ಮತ್ತೆ ಟ್ರೇನಿಂಗ್ ಮಾಡ್ಸೋಣ ಅಂದ್ರು ಎಚ್‌ಆರ್. ನಾನು ಬೇಡ ಅಂದೆ, ಆ ದುಡ್ಡಲ್ಲಿ ಕಂಪನಿ ಇಮೇಲ್ ಮೇಲೆ ಪೇಯ್ಡ್ ಅಕೌಂಟ್ ತಗೊಳ್ಳೋಣ, ಟೀಮ್ ಪ್ಲಾನು, ಯಾರು ಬಿಟ್ಟೋದ್ರೂ ಕೆಲಸ ಕಂಪನೀಲಿ ಉಳಿಯೋ ಹಾಗೆ. ಇದಕ್ಕೆ ಅಕೌಂಟ್ಸ್‌ನೋರು ಒಪ್ಪೋದೇ ಒಂದು ಕಥೆ, ತಿಂಗಳು ತಿಂಗಳು ಡಾಲರ್‌ನಲ್ಲಿ ಕಟ್ ಆಗೋ ಸಬ್‌ಸ್ಕ್ರಿಪ್ಷನ್ ಅಂದ್ರೆ ಅವರಿಗೆ ಹಾವು ಕಂಡಂಗೆ. ಆದ್ರೆ ನಾನು ಇನ್ನೊಂದು ಭಯ ತೋರಿಸಿದೆ. ನಮ್ಮೋರು ಅವರವರ ಫ್ರೀ ಅಕೌಂಟಿಗೆ ಡೀಲರ್ ಲಿಸ್ಟು ಫೋನ್ ನಂಬರ್ ಸಮೇತ ಪೇಸ್ಟ್ ಮಾಡ್ತಿದ್ರು, "ಇವರಿಗೆಲ್ಲ ಹೆಸರು ಹಾಕಿ ಮೆಸೇಜ್ ಬರಿ" ಅಂತ. 2023ರಲ್ಲಿ ಸ್ಯಾಮ್‌ಸಂಗ್‌ನಲ್ಲಿ ಎಂಜಿನಿಯರುಗಳು ಒಳಗಿನ ಸೋರ್ಸ್ ಕೋಡನ್ನ ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ ಆ ಕಂಪನಿ ಇಂಥ ಟೂಲುಗಳಿಗೇ ಬ್ರೇಕ್ ಹಾಕಿತ್ತು, ಅದನ್ನ ಹೇಳಿದೆ. ಅದೇ ವರ್ಷ ನಮ್ಮ ದೇಶದಲ್ಲೂ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಪಾಸಾಯ್ತು, ದಂಡ 250 ಕೋಟಿವರೆಗೂ ಹಾಕಬಹುದು ಅಂತ ಇದೆ. 250 ಕೋಟಿ ಅನ್ನೋ ಅಂಕಿ ಕೇಳಿದ ಮೇಲೆ ಅಕೌಂಟ್ಸ್ ಸಾಹೇಬ್ರು ಸೈನ್ ಮಾಡೋಕೆ ಜಾಸ್ತಿ ಹೊತ್ತು ತಗೊಳ್ಲಿಲ್ಲ.

ರೂಲ್ಸು ಅರ್ಧ ಪುಟ ಮಾಡಿದ್ವಿ. ಮನುಷ್ಯರ ಫೋನ್ ನಂಬರ್ ಹಾಕಂಗಿಲ್ಲ, ಡೀಲರ್ ರೇಟ್ ಲಿಸ್ಟ್ ಹಾಕಂಗಿಲ್ಲ, ಇನ್ನೂ ಹೊರಗೆ ಬಿಡದ ಪಂಪ್ ಮಾಡೆಲ್ ಬಗ್ಗೆ ಕೇಳಂಗಿಲ್ಲ. ಅಷ್ಟೇ. ಬೇರೆ ಕಂಪನಿಯ ಪರಿಚಯದೋರೊಬ್ರು ಅವರ ಎಐ ಪಾಲಿಸಿ ಕಳಿಸಿದ್ರು, ಎಷ್ಟು ಉದ್ದ ಅಂದ್ರೆ ಅದನ್ನ ಓದೋಕೇ ಒಂದು ಎಐ ಬೇಕು.

ಈಗ ಮುಖ್ಯ ವಿಷಯ. ನಮ್ಮಲ್ಲಿ ಸರ್ವಿಸ್ ಡಿಪಾರ್ಟ್‌ಮೆಂಟಲ್ಲಿ ಒಬ್ರು ಹಿರಿಯರಿದಾರೆ, ಎಲ್ರೂ "ಕಾಕಾ" ಅಂತೀವಿ. ಜೀವಮಾನ ಪೂರ್ತಿ ಬೋರ್ ಹತ್ರ ನಿಂತು ಸುಟ್ಟ ಮೋಟ್ರು ಮೇಲೆತ್ತಿದವ್ರು. ಟೈಪ್ ಮಾಡೋಕೆ ಬರಲ್ಲ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜೇ ಕಳಿಸೋದು. ನಾನು ಅವರನ್ನ ಕೇಳ್ಕೊಂಡೆ, ವಾರಕ್ಕೊಂದು ಮಧ್ಯಾಹ್ನ ನಮ್ಮ ಹತ್ರ ಬಂದು ಕೂತ್ಕೊಳ್ಳಿ ಕಾಕಾ, ಎಐ ಬರೆದಿದ್ದನ್ನ ಓದಿ ಹೇಳ್ತೀವಿ, ನೀವು ಸರಿನೋ ತಪ್ಪೋ ಹೇಳಿ, ಚಹಾ ನಮ್ದು. ಅವರಿಗೆ ಇದು ತಮಾಷೆ ಅನ್ನಿಸ್ತು, ಬಂದ್ರು.

ಮೊದಲ ವಾರವೇ ಶುರು. ಸಬ್‌ಮರ್ಸಿಬಲ್ ಪಂಪಿನ ಪಾಂಪ್ಲೆಟ್ಟಿಗೆ ಎಐ ಬರೆದಿತ್ತು, ಎಚ್‌ಪಿ (ಮೋಟ್ರಿನ ಶಕ್ತಿ) ಹೆಚ್ಚಾದಷ್ಟೂ ನಿಮ್ಮ ಹೊಲಕ್ಕೆ ನೀರು ಹೆಚ್ಚು, ಹಾಗಾಗಿ ದೊಡ್ಡ ಪಂಪ್ ಆರಿಸಿ. ಓದೋಕೆ ಚೆನ್ನಾಗಿತ್ತು, ನಮ್ಮ ಕಾಪಿ ರೈಟರ್ ಹುಡುಗಿಗೆ ಇಷ್ಟ ಆಗಿತ್ತು. ಕಾಕಾ ನಕ್ಕಿದ್ದು ನೋಡ್ಬೇಕಿತ್ತು. "ಇದನ್ನ ಓದಿ ರೈತ ದೊಡ್ಡ ಮೋಟ್ರ ಒಯ್ತಾನ, ಅವನ ಬೋರಿನ್ಯಾಗ ನೀರ ಇರೋದ ಎರಡಿಂಚ, ಅರ್ಧ ತಾಸಿನ್ಯಾಗ ಒಣಾ ಹೊಡದ ಮೋಟ್ರ ಸುಡತೈತಿ, ಆಮ್ಯಾಲ ನನಗ ಫೋನ್ ಹಚ್ತಾನ, ನಿಮ್ಮ ಎಐಗೆ ಹಚ್ಚಂಗಿಲ್ಲ." ಅಲ್ಲಿಂದ ಅವರು ವಿವರಿಸಿದ್ದು, ಬೋರಲ್ಲಿ ನೀರು ಬರೋ ಪ್ರಮಾಣಕ್ಕಿಂತ ಜಾಸ್ತಿ ಎಳೆಯೋ ಪಂಪ್ ಹಾಕಿದ್ರೆ ಡ್ರೈ ರನ್ ಆಗುತ್ತೆ, ಒಂದೇ 5 ಎಚ್‌ಪಿ ಇದ್ರೂ ಸ್ಟೇಜ್ (ಪಂಪಿನೊಳಗೆ ಒಂದರ ಮೇಲೊಂದು ಇರೋ, ನೀರು ಮೇಲಕ್ಕೆ ತಳ್ಳೋ ಚಕ್ರ) ಜಾಸ್ತಿ ಇದ್ರೆ ಆಳದಿಂದ ಎತ್ತುತ್ತೆ ಆದ್ರೆ ನೀರು ಕಮ್ಮಿ ಬರುತ್ತೆ, ಸ್ಟೇಜ್ ಕಮ್ಮಿ ಇದ್ರೆ ನೀರು ಜಾಸ್ತಿ ಆದ್ರೆ ಅಷ್ಟು ಎತ್ತರಕ್ಕೆ ಎತ್ತಲ್ಲ, ಇನ್ನು ಆಳ ಹೆಚ್ಚಾದ್ರೆ ಕೇಬಲ್ ದಪ್ಪ ಇರ್ಬೇಕು ಇಲ್ಲಾಂದ್ರೆ ವೋಲ್ಟೇಜ್ ಕೆಳಗೆ ಹೋಗೋ ಹೊತ್ತಿಗೆ ಇಳಿದುಹೋಗಿರುತ್ತೆ. ನಿಜ ಹೇಳ್ಬೇಕಂದ್ರೆ ನಮ್ಮ ಮಾರ್ಕೆಟಿಂಗ್ ಟೀಮಲ್ಲಿ ಅರ್ಧ ಜನಕ್ಕೆ ಇದು ಹೊಸ ವಿಷಯ. ವರ್ಷಗಟ್ಟಲೆ ಪಂಪ್ ಮಾರೋ ಪಾಂಪ್ಲೆಟ್ ಬರೆದಿದೀವಿ, ಸ್ಟೇಜ್ ಅಂದ್ರೆ ಏನು ಅಂತ ಕೇಳಿರ್ಲಿಲ್ಲ.

ಆವತ್ತು ಒಂದು ರಿಜಿಸ್ಟರ್ ಶುರು ಮಾಡಿದ್ವಿ. ಶೇರ್ಡ್ ಶೀಟು, ದೊಡ್ಡದೇನಲ್ಲ. ಏನು ಕೇಳಿದ್ವಿ, ಎಐ ಏನಂತು, ಸರಿ ಯಾವುದು, ಸರಿ ಅಂತ ಹೇಳಿದ್ದು ಯಾರು, ಮುಂದಿನ ಸಲ ಹೇಗೆ ಕೇಳಿದ್ರೆ ಸರಿ ಬರುತ್ತೆ. ಆಫೀಸಲ್ಲಿ ಅದಕ್ಕೆ ಬಿದ್ದಿರೋ ಹೆಸರು "ಕಾಕಾ ಶೀಟ್". ಇವತ್ತು ನಮ್ಮ ಹತ್ರ ಎಐ ವಿಷಯದಲ್ಲಿ ಆಸ್ತಿ ಅಂತ ಏನಾದ್ರೂ ಇದ್ರೆ ಅದೊಂದೇ. ಟ್ರೇನರ್ ಕೊಟ್ಟ ಆ ಪಿಡಿಎಫ್ ಎಲ್ಲಿದೆಯೋ ಗೊತ್ತಿಲ್ಲ.

ಡ್ರಿಪ್ ವಿಷಯದಲ್ಲೂ ಹಿಂಗೇ. ಡ್ರಿಪ್ಪರ್ (ಪೈಪಲ್ಲಿ ಹನಿ ಹನಿ ನೀರು ಬಿಡೋ ಬಾಯಿ) ಮಧ್ಯ ಎಷ್ಟು ಅಂತರ ಇರ್ಬೇಕು ಅಂತ ಕೇಳಿದ್ರೆ ಎಐ ಒಂದೇ ಅಳತೆ ಹೇಳ್ತಿತ್ತು ಎಲ್ಲಾ ಕಡೆಗೂ. ನವಲಗುಂದ ನರಗುಂದದ ಎರೆ ಮಣ್ಣಲ್ಲಿ, ಅಂದ್ರೆ ಕಪ್ಪು ಮಣ್ಣಲ್ಲಿ, ನೀರು ಅಡ್ಡಕ್ಕೆ ಹರಡ್ಕೊಳ್ಳುತ್ತೆ, ಅಲ್ಲಿ ಸ್ವಲ್ಪ ದೂರ ದೂರ ಇದ್ರೂ ನಡೆಯುತ್ತೆ, ಅದೇ ಮರಳು ಮಿಶ್ರಿತ ಕೆಂಪು ಮಣ್ಣಲ್ಲಿ ನೀರು ನೇರ ಕೆಳಗೆ ಇಳಿದುಬಿಡುತ್ತೆ, ಹತ್ತಿರ ಬೇಕು. ಮಣ್ಣು ಯಾವುದು, ಬೆಳೆ ಯಾವುದು ಅಂತ ಹೇಳಿ ಕೇಳಿದ್ರೆ ಎಐಯೂ ಸರಿಯಾಗೇ ಹೇಳುತ್ತೆ, ಅದಕ್ಕೆ ಗೊತ್ತಿಲ್ಲ ಅಂತಲ್ಲ. ಕೇಳೋನಿಗೆ ಮಣ್ಣು ಮುಖ್ಯ ಅನ್ನೋದು ಗೊತ್ತಿರ್ಬೇಕು. ಪ್ರಾಂಪ್ಟ್ ಬರೆಯೋದನ್ನ ಕಲಿಸ್ತೀವಿ ಅನ್ನೋ ಕೋರ್ಸುಗಳ ಬಗ್ಗೆ ನನಗೆ ಅಷ್ಟಾಗಿ ನಂಬಿಕೆ ಇಲ್ದಿರೋದು ಇದಕ್ಕೇ, "ನೀನೊಬ್ಬ ಅನುಭವಿ ಮಾರ್ಕೆಟಿಂಗ್ ತಜ್ಞ" ಅಂತ ಮೊದಲ ಲೈನ್ ಬರೆದ್ರೆ ಆಗೋದೇನಿಲ್ಲ, ಎರೆ ಹೊಲ ಅಂತ ಒಂದು ಪದ ಸೇರಿಸಿದ್ರೆ ಆಗೋದು ಬಹಳ ಇದೆ.

ಹಾಗಂತ ಎಲ್ಲಾ ಕಾಕಾನೇ ಹಿಡಿದ್ರು ಅಂತಲ್ಲ. ಸಬ್ಸಿಡಿ ಪಾಂಪ್ಲೆಟ್ಟು ಹಿಡಿದಿದ್ದು ಆ ಶೂ ಡೈಲಾಗ್ ಹೊಡೆದ ಹುಡುಗಿ. "ಪರ್ ಡ್ರಾಪ್ ಮೋರ್ ಕ್ರಾಪ್" ಅನ್ನೋ ಹನಿ ನೀರಾವರಿ ಯೋಜನೇಲಿ ಸಣ್ಣ, ಅತಿ ಸಣ್ಣ ರೈತರಿಗೆ ಶೇ. 55, ಬೇರೆಯವರಿಗೆ ಶೇ. 45 ಅನ್ನೋದು ಕೇಂದ್ರದ ಗೈಡ್‌ಲೈನು, ಅದರ ಮೇಲೆ ರಾಜ್ಯ ಸರ್ಕಾರಗಳು ತಮ್ಮ ತಮ್ಮ ಲೆಕ್ಕದಲ್ಲಿ ಸೇರಿಸ್ತಾವೆ, ರಾಜ್ಯಕ್ಕೊಂದು ಥರ, ಎಷ್ಟು ಜಮೀನಿಗೆ ಅನ್ನೋದಕ್ಕೆ ಮಿತಿ ಬೇರೆ. ಇನ್ನೊಂದು ಸೂಕ್ಷ್ಮ ಏನಂದ್ರೆ ಈ ಪರ್ಸೆಂಟು ಸರ್ಕಾರ ಗೊತ್ತುಮಾಡಿರೋ ಯೂನಿಟ್ ಕಾಸ್ಟ್ ಮೇಲೆ, ನಮ್ಮ ಬಿಲ್ಲಿನ ಮೇಲಲ್ಲ. ಎಐ ಇದನ್ನೆಲ್ಲಾ ಒಂದೇ ಪಾತ್ರೇಲಿ ಕಲಸಿ, ಬೇರೆ ರಾಜ್ಯದ ನಿಯಮಾನೂ ಸೇರಿಸಿ, "ನಿಮ್ಮ ಬಿಲ್ಲಿನ ಮೊತ್ತದಲ್ಲಿ ಇಷ್ಟು ವಾಪಸ್" ಅಂತ ದೊಡ್ಡ ಅಕ್ಷರದಲ್ಲಿ ಹೆಡ್‌ಲೈನ್ ಕೊಟ್ಟಿತ್ತು. ಪ್ರಿಂಟಿಗೆ ಹೋಗೋ ಮುಂಚೆ ಅವಳು ನೋಡಿ "ಮೇಡಂ, ಇದು ಹೊರಗ ಹೋದ್ರ ಡೀಲರ್ ಅಂಗಡಿ ಮುಂದ ಜಗಳ ಆಗತಾವ" ಅಂದ್ಲು. ದಿನಾ ಡೀಲರುಗಳ ಹತ್ರ ಬೈಸ್ಕೊಳ್ಳೋಳು ಅವಳೇ, ಅವಳಿಗೇ ಗೊತ್ತಾಗಿದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೇಲಿ ದಾರಿತಪ್ಪಿಸೋ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ, ಮತ್ತೆ ಮಾಡಿದ್ರೆ 50 ಲಕ್ಷ. ಎಐ ಬರೆದಿದ್ದು ಸಾರ್ ಅಂತ ಅಲ್ಲಿ ಹೇಳೋಕಾಗಲ್ಲ. ಅವತ್ತಿಂದ ಸಬ್ಸಿಡಿ, ಕರೆಂಟು, ವಾರಂಟಿ ಈ ಮೂರರ ಬಗ್ಗೆ ಅಂಕಿ ಏನೇ ಇದ್ರೂ ಎಐ ಇಂದ ಬರಂಗಿಲ್ಲ, ಸರ್ಕಾರಿ ಆದೇಶದ ಕಾಪೀನೋ ನಮ್ಮ ವಾರಂಟಿ ಕಾರ್ಡೋ ಕೈಯಲ್ಲಿ ಹಿಡ್ಕೊಂಡು ನಾವೇ ತುಂಬ್ಬೇಕು.

ಮೇಲಿನೋರ ಕಥೆ ಬೇರೆ. ಅವರಿಗೆ ಒಂದೇ ಪ್ರಶ್ನೆ, ಎಷ್ಟು ಉಳೀತು? ನಾನು 2023ರಲ್ಲಿ ಬಂದ ಎರಡು ಸ್ಟಡಿ ಹಿಡ್ಕೊಂಡು ಮೀಟಿಂಗಿಗೆ ಹೋದೆ. ಒಂದರಲ್ಲಿ ಐದು ಸಾವಿರಕ್ಕೂ ಹೆಚ್ಚು ಕಸ್ಟಮರ್ ಸಪೋರ್ಟ್ ಮಾಡೋರಿಗೆ ಎಐ ಸಹಾಯ ಕೊಟ್ಟು ನೋಡಿದ್ರು, ಸರಾಸರಿ ಶೇ. 14 ಜಾಸ್ತಿ ಕೆಲಸ ಆಯ್ತು, ಹೊಸಬರಿಗೆ ಮಾತ್ರ ಶೇ. 34ರಷ್ಟು, ಹಳೇ ಅನುಭವಿಗಳಿಗೆ ಅಷ್ಟೇನೂ ವ್ಯತ್ಯಾಸ ಆಗ್ಲಿಲ್ಲ. ಇನ್ನೊಂದು ಹಾರ್ವರ್ಡ್‌ನೋರು ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪಿನ 758 ಕನ್ಸಲ್ಟೆಂಟುಗಳ ಮೇಲೆ ಮಾಡಿದ್ದು, ಎಐಗೆ ಒಗ್ಗೋ ಕೆಲಸದಲ್ಲಿ ಶೇ. 25ರಷ್ಟು ಬೇಗ ಮುಗಿಸಿದ್ರು, ಕ್ವಾಲಿಟಿನೂ ಚೆನ್ನಾಗಿತ್ತು, ಆದ್ರೆ ಎಐಗೆ ಆಗದ ಥರದ ಒಂದು ಕೆಲಸ ಕೊಟ್ಟಾಗ ಎಐ ಬಳಸಿದೋರು ಬಳಸದೇ ಇದ್ದೋರಿಗಿಂತ ಜಾಸ್ತಿ ತಪ್ಪು ಮಾಡಿದ್ರು, ಸರಿ ಉತ್ತರ ಕೊಟ್ಟೋರ ಪ್ರಮಾಣ 19 ಪರ್ಸೆಂಟ್ ಪಾಯಿಂಟ್ ಬಿದ್ದುಹೋಗಿತ್ತು. ಎಂಡಿ ಸಾಹೇಬ್ರು ಶೇ. 25 ಮಾತ್ರ ಬರ್ಕೊಂಡ್ರು. ಮುಂದಿನ ತಿಂಗಳಿಂದ ಪೋಸ್ಟು ಡಬಲ್ ಆಗ್ಬೇಕು ಅಂದ್ರು.

ಇದು ನಾನು ತುಂಬಾ ಕಡೆ ನೋಡಿರೋ ರೋಗ. ಟೈಮ್ ಉಳಿದ ತಕ್ಷಣ ಅದನ್ನ ಕಿತ್ಕೊಂಡ್ಬಿಡೋದು. ಉಳಿದ ಟೈಮ್ ಎಲ್ಲಾ ಮತ್ತಷ್ಟು ಪೋಸ್ಟ್ ಹಾಕೋಕೇ ಹೋದ್ರೆ ಕಲಿಯೋದು ಯಾವಾಗ, ಕಾಕಾ ಹತ್ರ ಕೂರೋದು ಯಾವಾಗ? ನಾನು ಜಗಳಾನೇ ಆಡಿದೆ ಅನ್ನಿ. ಕೊನೆಗೆ ರಾಜಿ ಆಗಿದ್ದು, ಪೋಸ್ಟ್ ಸ್ವಲ್ಪ ಜಾಸ್ತಿ ಮಾಡ್ತೀವಿ, ವಾರದ ಆ ಮಧ್ಯಾಹ್ನ ಮಾತ್ರ ಯಾರೂ ಮುಟ್ಟಂಗಿಲ್ಲ. ಮಾರ್ಚ್ ಎಂಡಿಂಗಲ್ಲೂ ಮುಟ್ಟಂಗಿಲ್ಲ. ಇದೊಂದು ಸಿಗದೇ ಹೋಗಿದ್ರೆ ನಾನು ಈ ಕಥೆ ಬರೆಯೋಕೇ ಇರ್ತಿರ್ಲಿಲ್ಲ.

ಎಚ್‌ಆರ್‌ನೋರಿಗೆ ಎಷ್ಟು ಜನ ಸರ್ಟಿಫೈಡ್ ಅನ್ನೋ ನಂಬರ್ ಬೇಕಿತ್ತು. ನಾನು ಬೇರೆ ನಂಬರ್ ಕೊಡ್ತೀನಿ ಅಂದೆ. ನಮ್ಮ ಕೆಲಸಗಳನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಇದನ್ನ ಎಐ ಇಟ್ಕೊಂಡು ಮಾಡೋಕೆ ಯಾರ್‍ಯಾರಿಗೆ ಬರುತ್ತೆ ಅಂತ ಹೆಸರು ಬರೆಯೋದು, ಒಂದೇ ಹೆಸರು ಇದ್ರೆ ಆ ಸಾಲು ಕೆಂಪು. ಬೆಂಗಳೂರಿಗೆ ಹೋದ ಹುಡುಗನಿಂದ ಕಲಿತ ಪಾಠ ಅದು. ಶುರುವಲ್ಲಿ ಪೂರ್ತಿ ಕೆಂಪೇ ಕೆಂಪು. ಮರಾಠಿ ಸರ್ಕ್ಯುಲರು, ವಿಡಿಯೋ ಸಬ್‌ಟೈಟಲು, ಡೀಲರ್ ಮಾರಾಟದ ಲೆಕ್ಕದಿಂದ ಯಾವ ತಾಲೂಕಲ್ಲಿ ಯಾವ ಮಾಡೆಲ್ ಹೋಗ್ತಿದೆ ಅಂತ ತೆಗೆಯೋದು, ಎಲ್ಲಾ ಒಬ್ಬೊಬ್ರ ಕೈಲೇ. ಆಮೇಲೆ ಕೆಲಸ ಅದಲು ಬದಲು ಮಾಡಿದ್ವಿ, ಸಬ್‌ಟೈಟಲ್ ಮಾಡೋಳು ಲೆಕ್ಕಕ್ಕೆ, ಲೆಕ್ಕದೋನು ಸರ್ಕ್ಯುಲರಿಗೆ. ಎಲ್ರೂ ಗೊಣಗಿದ್ರು, ಕೆಲವು ದಿನ ಕೆಲಸ ನಿಧಾನ ಆಯ್ತು ಕೂಡ. ಈಗ ಕೆಂಪು ಸಾಲು ಒಂದೆರಡು ಇದಾವೆ, ವಿಡಿಯೋ ಎಡಿಟಿಂಗ್ ಇನ್ನೂ ಒಬ್ಬನ ಕೈಲೇ ಇದೆ, ಅವನು ರಜಾ ಕೇಳಿದ್ರೆ ನನ್ನ ಎದೆ ಧಸಕ್ ಅನ್ನುತ್ತೆ.

ಹೊಸಬರ ವಿಷಯ ನನ್ನ ತಲೆ ತಿಂದಷ್ಟು ಬೇರೆ ಯಾವುದೂ ತಿಂದಿಲ್ಲ. ಆ ಸ್ಟಡೀಲಿ ಇದ್ದಂಗೇ ನಮ್ಮಲ್ಲೂ ಆಯ್ತು, ಕಾಲೇಜಿಂದ ನೇರ ಬಂದೋರು ಎಐ ಹಿಡ್ಕೊಂಡು ಹಳಬರ ಸ್ಪೀಡಿಗೆ ಬಂದ್ಬಿಟ್ರು. ಎಲ್ರಿಗೂ ಖುಷಿ. ನನಗೆ ಹೊಟ್ಟೇಲಿ ಸಂಕಟ, ಯಾಕಂದ್ರೆ ಇವತ್ತಿನ ಫ್ರೆಶರ್ ತಾನೇ ಹತ್ತು ವರ್ಷ ಆದ್ಮೇಲೆ ತಪ್ಪು ಹಿಡಿಯೋ ಜಾಗದಲ್ಲಿ ಕೂರ್ಬೇಕು, ಒಂದು ಪಾಂಪ್ಲೆಟ್ಟೂ ತಾನಾಗೇ ಬರೀದೇ, ಒಬ್ಬ ರೈತನ ಹತ್ರಾನೂ ಮಾತಾಡದೇ ಅವನಿಗೆ ತಪ್ಪು ಹೇಗೆ ಕಾಣುತ್ತೆ? ಅದಕ್ಕೆ ಒಂದು ನಿಯಮ ಮಾಡ್ದೆ, ಸೇರಿದ ಮೊದಲ ಕೆಲವು ತಿಂಗಳು ಮೊದಲ ಡ್ರಾಫ್ಟ್ ಕೈಯಲ್ಲೇ ಬರೀಬೇಕು, ಆಮೇಲೆ ಎಐ ಹತ್ರ ಬರೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ಎಲ್ಲಿ ಅದು ಮೇಲು, ಎಲ್ಲಿ ನೀನು ಮೇಲು ಅಂತ ಹೇಳ್ಬೇಕು. ಒಬ್ಬ ಹುಡುಗ ಮುಖದ ಮೇಲೇ ಕೇಳಿದ, "ಕ್ಯಾಲ್ಕುಲೇಟರ್ ಇದ್ದಾಗ ಮಗ್ಗಿ ಯಾಕೆ ಮೇಡಂ?" ನನಗೆ ತಕ್ಷಣ ಉತ್ತರ ಹೊಳೀಲಿಲ್ಲ, ಬರಿ ಅಂದೆ ಅಷ್ಟೇ. ಆಮೇಲೆ ಸರ್ವಿಸ್ ವ್ಯಾನಲ್ಲಿ ಕಾಕಾ ಜೊತೆ ಅವನನ್ನ ಗದಗ ಕಡೆ ಕಳಿಸಿದೆ. ಬಿಸಿಲಲ್ಲಿ ನಿಂತು ಮೋಟ್ರು ಮೇಲೆತ್ತೋದು ನೋಡಿ, ರೈತ ಕಾಕಾಗೆ ಬೈಯೋದು ಕೇಳಿಸ್ಕೊಂಡು ಬಂದ. ಮುಂದಿನ ವಾರ ಕಾಕಾ ಶೀಟಲ್ಲಿ ಅವನ ಹೆಸರಲ್ಲಿ ಎಂಟ್ರಿ ಬಿತ್ತು, ಸ್ಟಾರ್ಟರ್ ಬಾಕ್ಸ್ ಎಲ್ಲಿ ಕೂರಿಸ್ಬೇಕು ಅನ್ನೋದರ ಬಗ್ಗೆ ಎಐ ಹಾಕಿದ ಚಿತ್ರದಲ್ಲಿ ಮಳೆ ನೀರು ನೇರ ಒಳಗೆ ಹೋಗೋ ಹಾಗಿತ್ತು, ಅದನ್ನ ಅವನು ಹಿಡಿದಿದ್ದ. ಈಗ ಫ್ರೆಶರುಗಳಿಗೆಲ್ಲ ವ್ಯಾನ್ ಟ್ರಿಪ್ ಕಡ್ಡಾಯ, ಸೆಪ್ಟೆಂಬರಲ್ಲಿ ಧಾರವಾಡದ ಕೃಷಿ ಮೇಳದಲ್ಲಿ ಸ್ಟಾಲಲ್ಲಿ ನಿಲ್ಲೋದೂ ಕಡ್ಡಾಯ. ಎಐ ಟ್ರೇನಿಂಗ್ ಬಜೆಟ್ಟಲ್ಲಿ ಡೀಸೆಲ್ ಯಾಕ್ರೀ ಅಂತ ಆಡಿಟರ್ ಕೇಳಿದ್ರು.

ಕನ್ನಡದ ವಿಷಯ ಸ್ವಲ್ಪ ಹೇಳ್ಬೇಕು. ಎಐ ಬರೆಯೋ ಕನ್ನಡ ನಮ್ಮ ರೈತರಿಗೆ ಆಕಾಶವಾಣಿ ವಾರ್ತೆ ಥರ ಕೇಳ್ಸುತ್ತೆ. ಹುಬ್ಬಳ್ಳಿ ಧಾಟೀಲಿ ಬರಿ ಅಂದ್ರೆ ಪ್ರತಿ ಲೈನಿಗೂ "ರೀ" ಅಂಟಿಸಿ ನಾಟಕ ಮಾಡುತ್ತೆ, ಅದು ಇನ್ನೂ ಕೆಟ್ಟದು, ಊರಿನೋರಿಗೆ ಅಣಕಿಸಿದಂಗೆ ಕಾಣ್ಸುತ್ತೆ. ಹೆಲ್ಪ್‌ಲೈನಿಗೆ ಬರೋ ಪ್ರಶ್ನೆಗಳನ್ನ ಹೆಸರು, ನಂಬರ್ ತೆಗೆದು, ರೈತರು ಹೇಳಿದ ಮಾತಲ್ಲೇ ಬರೆದಿಟ್ಟು, ಇದೇ ಥರದ ಮಾತಲ್ಲಿ ಉತ್ತರ ಬರಿ ಅಂತ ಕೊಟ್ರೆ ಎಷ್ಟೋ ವಾಸಿ. ಆದ್ರೂ ಕೊನೇ ಕೈ ಆ ಊರಿನೋರದೇ ಆಗ್ಬೇಕು, ಬೆಳಗಾವಿ ಕಡೆಗೆ ಹೋಗೋದನ್ನ ಬೆಳಗಾವಿ ಹುಡುಗಿ ನೋಡ್ತಾಳೆ, ದಾವಣಗೆರೆ ಕಡೇದು ಇನ್ನೊಬ್ಬ. ನಾನು ನೋಡಿದ್ರೆ ಶಿವಮೊಗ್ಗ ಕನ್ನಡ ಆಗೋಗುತ್ತೆ ಅಂತ ನನ್ನನ್ನ ದೂರ ಇಟ್ಟಿದಾರೆ.

ಟೂಲುಗಳು ಬದಲಾಗ್ತಾನೇ ಇರ್ತಾವೆ, ಅದಕ್ಕೊಂದು ಅಭ್ಯಾಸ ಮಾಡ್ಕೊಂಡ್ವಿ. ಕಾಕಾ ಶೀಟಿಂದ ಉತ್ತರ ಪಕ್ಕಾ ಗೊತ್ತಿರೋ ಒಂದಷ್ಟು ಪ್ರಶ್ನೆ ಆರಿಸಿ ಇಟ್ಟಿದೀವಿ, ಹೊಸ ಎಐ ಮಾಡೆಲ್ ಬಂದಾಗ್ಲೆಲ್ಲ ಅವನ್ನೇ ಮತ್ತೆ ಕೇಳೋದು. 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಬಂತು, ಆಮೇಲೆ ಜೆಮಿನೈ, ಕ್ಲಾಡ್ ಎಲ್ಲಾದ್ರ ಹೊಸ ಹೊಸ ಅವತಾರ. ಹಳೇ ತಪ್ಪು ಎಷ್ಟೋ ಮಾಯ ಆಗಿದಾವೆ, ಎಚ್‌ಪಿ ಪ್ರಶ್ನೆಗೆ ಈಗ ಕಾಕಾ ಥರಾನೇ ಉತ್ತರ ಕೊಡ್ತಾವೆ, ಅದನ್ನ ತೋರ್ಸಿದಾಗ ಕಾಕಾಗೆ ಸ್ವಲ್ಪ ಬೇಜಾರೇ ಆಯ್ತು. ನಾವು ಕಷ್ಟಪಟ್ಟು ಕಂಡುಹಿಡ್ಕೊಂಡಿದ್ದ ಪ್ರಾಂಪ್ಟ್ ಟ್ರಿಕ್ಕುಗಳಲ್ಲಿ ಅರ್ಧಕ್ಕರ್ಧ ಈಗ ಬೇಕಾಗೇ ಇಲ್ಲ. ಬೇಕಾಗಿ ಉಳಿದಿರೋದು ಆ ಪ್ರಶ್ನೆಗಳು, ಅವುಗಳ ಸರಿ ಉತ್ತರ.

ಮಧ್ಯ ಒಂದ್ಸಲ ರೈತರಿಗೆ ನೇರ ಉತ್ತರ ಕೊಡೋ ವಾಟ್ಸಾಪ್ ಚಾಟ್‌ಬಾಟ್ ಮಾಡೋಣ ಅನ್ನೋ ಉತ್ಸಾಹ ಬಂದಿತ್ತು ಮೇಲಿನೋರಿಗೆ. ಏರ್ ಕೆನಡಾ ಕೇಸ್ ತೋರ್ಸಿದೆ, ಅಲ್ಲಿ ಚಾಟ್‌ಬಾಟು ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು, 2024ರಲ್ಲಿ ಕೆನಡಾದ ಟ್ರಿಬ್ಯೂನಲ್ಲು ವೆಬ್‌ಸೈಟಲ್ಲಿ ಬಾಟ್ ಹೇಳಿದ್ದಕ್ಕೂ ಕಂಪನಿನೇ ಹೊಣೆ ಅಂತ ಪರಿಹಾರ ಕೊಡಿಸ್ತು. ಮೋಟ್ರು ಸುಟ್ಟ ರೈತ ಟ್ರಿಬ್ಯೂನಲ್ಲಿಗೆ ಹೋಗಲ್ಲ, ನೇರ ಆಫೀಸಿಗೇ ಬರ್ತಾನೆ. ಈಗ ಬಾಟು ಹೆಲ್ಪ್‌ಲೈನ್ ಹುಡುಗಿಯರಿಗೆ ಉತ್ತರದ ಡ್ರಾಫ್ಟ್ ಕೊಡುತ್ತೆ, ಕಳಿಸೋದು ಅವರು. ಸದ್ಯಕ್ಕೆ ಅಷ್ಟು ಸಾಕು.

ಎಲ್ಲಾ ಚೆನ್ನಾಗೇ ಆಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಮರಾಠಿ ಅನುವಾದ ಮಾಡಿಕೊಡ್ತಿದ್ದ ಒಬ್ರು ಹಿರಿಯ ಮೇಷ್ಟ್ರು ಇದ್ರು, ಪುಟಕ್ಕಿಷ್ಟು ಅಂತ ಕೊಡ್ತಿದ್ವಿ. ಈಗ ಎಐ ಮಾಡಿದ್ದನ್ನ ತಿದ್ದಿಕೊಡಿ ಅಂತ ಕೇಳ್ತೀವಿ, ಪುಟದ ರೇಟು ಕಮ್ಮಿ. ಅವರು ಹೇಳೋ ಪ್ರಕಾರ ತಿದ್ದೋದು ಹೊಸದಾಗಿ ಬರೆಯೋದಕ್ಕಿಂತ ಬೇಸರದ ಕೆಲಸ, ಸುಳ್ಳೇನಲ್ಲ ಅದು. ರೇಟ್ ಸ್ವಲ್ಪ ಏರಿಸಿದೀವಿ, ಮೊದಲಿನಷ್ಟು ಆದಾಯ ಅವರಿಗಿಲ್ಲ, ನನ್ನ ಹತ್ರ ಇದಕ್ಕೆ ಪರಿಹಾರನೂ ಇಲ್ಲ. ಇನ್ನು ಸಂಬಳ. ಕಲಿತೋರನ್ನ ಉಳಿಸ್ಕೊಳ್ಳೋಕೆ ದುಡ್ಡು ಬೇಕು, ಪ್ರಶಸ್ತಿ ಪತ್ರ ಕೊಟ್ರೆ ಆಗಲ್ಲ. ಇಬ್ಬರಿಗೆ ಜಗಳ ಆಡಿ ಇನ್‌ಕ್ರಿಮೆಂಟ್ ಕೊಡ್ಸಿದೆ, ಅವರ ಮನೆ ಇಲ್ಲೇ ಹಳೇ ಹುಬ್ಬಳ್ಳೀಲಿ, ಅಪ್ಪ ಅಮ್ಮ ಇಲ್ಲೇ ಇದಾರೆ, ಹಾಗಾಗಿ ಉಳ್ಕೊಂಡಿದಾರೆ. ಸಂಬಳ ಎಷ್ಟು ಉಳಿಸ್ತು, ಅಮ್ಮನ ಜೋಳದ ರೊಟ್ಟಿ ಎಷ್ಟು ಉಳಿಸ್ತು ಅಂತ ನಾನು ಲೆಕ್ಕ ಹಾಕೋಕೆ ಹೋಗಿಲ್ಲ.

ಕಾಕಾ ಬರೋ ಮಾರ್ಚಿಗೆ ರಿಟೈರ್. ಅವರನ್ನ ವಾರಕ್ಕೊಂದು ದಿನ ಕನ್ಸಲ್ಟೆಂಟ್ ಆಗಿ ಇಟ್ಕೊಳ್ಳೋಣ ಅಂತ ನೋಟ್ ಕಳಿಸಿದೀನಿ, ಎಂಡಿ ಸಾಹೇಬ್ರು ಹೂಂ ಅಂದಿದಾರೆ, ಎಚ್‌ಆರ್‌ನೋರು ಮಾತ್ರ ಹುದ್ದೆಯ ಹೆಸರು ಏನು ಬರೀಲಿ ಅಂತ ತಲೆ ಕೆರ್ಕೊಳ್ತಿದಾರೆ. ಎಐ ಅಡ್ವೈಸರ್ ಅಂತ ಬರೀರಿ ಅಂದೆ, ನಾನು ಜೋಕ್ ಮಾಡ್ತಿದೀನಿ ಅಂದ್ಕೊಂಡ್ರು.

ಈಗ ತಲೆಬಿಸಿ ಇರೋದು ಡೀಲರುಗಳದ್ದು. ಅವರೂ ಮೊಬೈಲಲ್ಲೇ ಎಐ ಪೋಸ್ಟರ್ ಮಾಡೋಕೆ ಶುರು ಮಾಡಿದಾರೆ, ನಮ್ಮ ಲೋಗೋ ಹಾಕಿ. ಮೊನ್ನೆ ಒಬ್ರು ದೀಪಾವಳಿ ಆಫರ್ ಪೋಸ್ಟರ್ ಕಳಿಸಿದ್ರು, ಚಿತ್ರದಲ್ಲಿರೋ ಪಂಪು ಪ್ರಪಂಚದಲ್ಲಿ ಯಾವ ಕಂಪನಿಯೂ ಮಾಡಲ್ಲ, ನೀರು ಹೋಗೋ ಕಡೆ ಕರೆಂಟ್ ವೈರ್ ಬಂದಿದೆ, ಕೆಳಗೆ "ಆಜೀವ ವಾರಂಟಿ" ಅಂತ ಬೇರೆ. ಫೋನ್ ಮಾಡಿ ಕೇಳಿದ್ರೆ "ಚಂದ ಬಂದೈತಲ್ರಿ ಮೇಡಂ" ಅಂದ್ರು. ಬೈಯೋಕೆ ಮನಸ್ಸಾಗ್ಲಿಲ್ಲ, ಅವರಾದ್ರೂ ತಾವಾಗೇ ಕೂತು ಮಾಡಿದಾರೆ. ಮುಂದಿನ ತಿಂಗಳು ಡೀಲರ್ ಮೀಟಿಂಗಲ್ಲಿ ಅರ್ಧ ದಿನ ಇದಕ್ಕೇ ಇಟ್ಟಿದೀವಿ. ಹೊರಗಿನ ಟ್ರೇನರ್ ಇಲ್ಲ. ಡೀಲರ್ ಕೋಆರ್ಡಿನೇಷನ್ ಹುಡುಗಿ ನಡೆಸ್ತಾಳೆ, ಆ ಪೋಸ್ಟರ್ ಮಾಡಿದೋರನ್ನೇ ಪಕ್ಕ ನಿಲ್ಲಿಸ್ಕೊಂಡು ಮಾಡ್ತೀನಿ ಅಂದಿದಾಳೆ, ಅವರು ಒಪ್ಪಿದಾರೆ, ಊಟಕ್ಕೆ ಏನಿರುತ್ತೆ ಅಂತ ಮಾತ್ರ ಕೇಳಿದ್ರಂತೆ.